ಹಾಜರಿ ಪುಸ್ತಕದ ಮೂವತ್ತೊಂದು

ಮೇಷ್ಟ್ರುಗಳಿಗೆ ಪಾಠ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ ಎಂದು ಆ ತರಬೇತಿ ಕೇಂದ್ರದವರೇ ನಗುತ್ತಿದ್ದರು. ಹನ್ನೊಂದು ವರ್ಷದಿಂದ ಆ ಕೆಲಸವನ್ನೇ ಮಾಡುತ್ತಿದ್ದವರು ಟೀಚರಮ್ಮ. ಕೇಂದ್ರದ ಕಾವಲುಗಾರನಿಂದ ಪ್ರಾಂಶುಪಾಲರವರೆಗೆ ಎಲ್ಲರ ಬಾಯಲ್ಲೂ ಅವರು ಟೀಚರಮ್ಮನೇ. ನಾನಾ ಧರ್ಮದ ಮಕ್ಕಳು ಒಂದೇ ಕೋಣೆಯಲ್ಲಿ ಕೂತಿರುವಾಗ ಯಾರನ್ನೂ ಕೀಳು ಮಾಡದೆ ಪಾಠ ಮಾಡುವುದು ಹೇಗೆ ಎಂಬುದು ಅವರ ವಿಷಯ. ಮೂರು ದಿನದ ತರಬೇತಿ, ಒಂದು ಸಲಕ್ಕೆ ನಲವತ್ತು ಜನ. ಬಂದವರು ಮೊದಲು ಕೇಳುತ್ತಿದ್ದದ್ದು ಎರಡೇ ಪ್ರಶ್ನೆ: ಟೀ ಎಷ್ಟು ಗಂಟೆಗೆ, ಬಿಡೋದು ಎಷ್ಟು ಗಂಟೆಗೆ. ಹಿಂದಿನ ಸಾಲಿನವರಂತೂ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವುದರಲ್ಲಿ ನಿಸ್ಸೀಮರು.

ಟೀಚರಮ್ಮ ಈ ವಿಷಯವನ್ನು ಹಿಡಿದದ್ದು ಪುಸ್ತಕ ಓದಿ ಅಲ್ಲ. ಅವರು ಹುಟ್ಟಿದ ಬಡಾವಣೆಯಲ್ಲಿ ಅವರ ಧರ್ಮದವರ ಮನೆಗಳು ಮೂರೇ ಮೂರು. ಅಜ್ಜಿ ಅವರಿಗೂ ಅವರಣ್ಣನಿಗೂ ಇಟ್ಟ ಹೆಸರುಗಳಲ್ಲಿ ಗಂಟಲ ಒಳಗಿಂದ ಬರುವ ಒಂದು ಅಕ್ಷರವಿತ್ತು. ಐದನೇ ತರಗತಿಗೆ ಹೊಸದಾಗಿ ಬಂದ ಮೇಷ್ಟ್ರು ಹಾಜರಿ ಕೂಗುತ್ತಾ ಇವರ ಹೆಸರಿನ ಹತ್ತಿರ ಬಂದು ತಡವರಿಸಿ ನಿಂತರು. ಆಮೇಲೆ "ಮೂವತ್ತೊಂದು" ಎಂದರು. ಅದೇ ತರಗತಿಯಲ್ಲಿದ್ದ ಅಣ್ಣ "ಮೂವತ್ತು". ಉಳಿದ ಮಕ್ಕಳಿಗೆಲ್ಲ ಹೆಸರು, ಇವರಿಬ್ಬರಿಗೆ ಮಾತ್ರ ನಂಬರು. ಮೂರು ವರ್ಷ ಹೀಗೇ ನಡೆಯಿತು. ಆಟದ ಬಯಲಲ್ಲಿ ಮಕ್ಕಳೂ ಹಾಗೇ ಕರೆಯತೊಡಗಿದರು.

ಏಳನೇ ತರಗತಿಯ ಮಧ್ಯದಲ್ಲಿ ಅಣ್ಣ ಚೀಲವನ್ನು ಅಮ್ಮನ ಹೊಲಿಗೆ ಯಂತ್ರದ ಮೇಲೆ ಎಸೆದ.

"ನಾನೇನು ಬಸ್ಸಾ, ನಂಬರ್ ಹಾಕಿ ಕರೆಯೋಕೆ? ಇನ್ನು ಹೋಗಲ್ಲ."

ಅಮ್ಮ ಬೈದಳು, ಅತ್ತಳು, ಊಟ ಬಿಟ್ಟಳು. ಅವನು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಮುಂದೆ ಬಸ್ಸೇ ಅವನ ಅನ್ನವಾಯಿತು, ಡ್ರೈವರ್ ಆದ. ತಂಗಿ ಮಾತ್ರ ಹಲ್ಲು ಕಚ್ಚಿ ಓದಿದಳು.

ಇಷ್ಟೆಲ್ಲ ಆಗಿ ಮೂವತ್ತಾರು ವರ್ಷ ಕಳೆದ ಮೇಲೆ, ಒಂದು ಸೋಮವಾರ, ತರಬೇತಿಗೆ ಬರುವವರ ಪಟ್ಟಿಯಲ್ಲಿ ಟೀಚರಮ್ಮನ ಕಣ್ಣಿಗೆ ಆ ಮೇಷ್ಟ್ರ ಹೆಸರು ಬಿತ್ತು. ಈಗ ಅವರು ದೊಡ್ಡ ಶಾಲೆಯೊಂದರ ಹೆಡ್‌ಮೇಷ್ಟ್ರು. ಪ್ರಾಂಶುಪಾಲರು ಸಂಗತಿ ಕೇಳಿ, "ಬೇಡ ಅನ್ನಿಸಿದ್ರೆ ಅವರನ್ನ ಬೇರೆಯವರ ತಂಡಕ್ಕೆ ಹಾಕ್ತೀನಮ್ಮ" ಎಂದರು.

"ಬೇಡ ಸರ್, ಬರಲಿ. ಹೆದರಿಕೊಂಡು ಪಾಠ ಮಾಡೋಕಾಗುತ್ತಾ?" ಎಂದರು ಟೀಚರಮ್ಮ. ಅಂದರೇನೋ ಅಂದರು. ಮೊದಲ ದಿನ ಮಾರ್ಕರ್ ಪೆನ್ನು ಎರಡು ಸಲ ಕೈಯಿಂದ ಜಾರಿತು.

ಹೆಡ್‌ಮೇಷ್ಟ್ರಿಗೆ ಗುರುತು ಹತ್ತಲಿಲ್ಲ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕನ್ನಡಕ ಒರೆಸುತ್ತಾ ಸುಮ್ಮನೆ ಕೂತಿದ್ದರು. ಎರಡನೇ ದಿನ ಟೀಚರಮ್ಮ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟರು. "ಒಂದು ಮಗುವಿನ ಧರ್ಮ ನೋಡಿ ನೀವು ತಪ್ಪು ನಡೆದುಕೊಂಡ ಒಂದು ದಿನ ನೆನಪು ಮಾಡಿಕೊಂಡು ಬರೆಯಿರಿ. ನಿಮ್ಮ ಹೆಸರು ಹಾಕೋದು ಬೇಡ" ಎಂದರು. ಹೆಚ್ಚಿನವರು "ಅಂಥದ್ದೇನೂ ಇಲ್ಲ" ಎಂದು ಗೀಚಿ ಮಡಿಸಿದರು. ಹೆಡ್‌ಮೇಷ್ಟ್ರು ಬರೆಯಲಿಲ್ಲ, ಎದ್ದು ನಿಂತರು.

"ಇದು ಚೀಟಿಲಿ ಬರೆದು ಮುಚ್ಚಿಡೋ ಮಾತಲ್ಲ ಮೇಡಂ. ಕೆಲಸಕ್ಕೆ ಸೇರಿದ ಹೊಸದು. ಇಬ್ಬರು ಮಕ್ಕಳ ಹೆಸರು ನಾಲಿಗೆ ಮೇಲೆ ಹೊರಳಲಿಲ್ಲ. ತಪ್ಪು ಹೇಳಿದ್ರೆ ತರಗತಿ ನಗುತ್ತೆ ಅಂತ ನಂಬರ್ ಕೂಗಿದೆ. ಮಿಕ್ಕವರ ಹೆಸರಲ್ಲೂ ಕಷ್ಟದ್ದು ಇತ್ತು. ಅದನ್ನ ಕಲಿತೆ. ತಪ್ಪಿದ್ರೆ ಅವರಪ್ಪಂದಿರು ಬಂದು ಕೇಳೋರು. ಈ ಮಕ್ಕಳ ಮನೆಯಿಂದ ಯಾರೂ ಬರಲ್ಲ ಅಂತ ನನಗೆ ಗೊತ್ತಿತ್ತು. ಹುಡುಗ ಶಾಲೆ ಬಿಟ್ಟ. ಯಾಕೆ ಅಂತ ನಾನು ಕೇಳಲಿಲ್ಲ."

ಹಿಂದಿನ ಸಾಲಿನ ನಿದ್ದೆಯೆಲ್ಲ ಹಾರಿಹೋಗಿತ್ತು. ಟೀಚರಮ್ಮ ಅವರ ಕುರ್ಚಿಯ ಹತ್ತಿರ ಬಂದರು.

"ಸರ್, ಆ ಮೂವತ್ತೊಂದು ನಾನೇ."

ಹೆಡ್‌ಮೇಷ್ಟ್ರು ಕ್ಷಮೆ ಕೇಳುತ್ತಾರೆ, ಇಲ್ಲ ಅಳುತ್ತಾರೆ ಎಂದುಕೊಂಡರು ಎಲ್ಲರೂ. ಅವರು ಕೇಳಿದ್ದೇ ಬೇರೆ.

"ಹೆಸರು ಹೇಳಿಕೊಡಿ. ನಿಮ್ಮದು, ನಿಮ್ಮಣ್ಣಂದು."

ಟೀಚರಮ್ಮ ಹೇಳಿದರು. ಅವರು ಅಂದರು, ತಪ್ಪಿತು. ಮತ್ತೆ ಅಂದರು, ಮತ್ತೆ ತಪ್ಪಿತು. ಯಾರೋ ಕಿಸಕ್ಕನೆ ನಕ್ಕರು. ಐವತ್ತೊಂಬತ್ತು ವರ್ಷದ ಆ ಮನುಷ್ಯ ನಲವತ್ತು ಜನರ ಎದುರು, ಅಕ್ಷರ ಕಲಿಯುವ ಮಗುವಿನ ಹಾಗೆ ಗಂಟಲ ಮೇಲೆ ಬೆರಳಿಟ್ಟುಕೊಂಡು ಮತ್ತೆ ಮತ್ತೆ ಹೇಳಿದರು. "ಇನ್ನೂ ಒಳಗಿಂದ ಸರ್" ಎಂದು ಟೀಚರಮ್ಮ ತಿದ್ದಿದರು. ಏಳನೇ ಸಲಕ್ಕೆ ಹೆಸರು ಸರಿಯಾಗಿ ಬಂತು, ಆಮೇಲೆ ಅಣ್ಣನದೂ ಬಂತು. ನಕ್ಕವರೂ ಉಸಿರು ಬಿಗಿಹಿಡಿದಿದ್ದರು. ಟೀಚರಮ್ಮ ಮೂರು ವರ್ಷ ಆ ಬಾಯಿಂದ ಕೇಳಬೇಕೆಂದು ಕಾದು, ಆಮೇಲೆ ಆ ಆಸೆಯನ್ನೇ ಬಿಟ್ಟಿದ್ದ ಹೆಸರು ಅದು.

ಅಲ್ಲಿಂದ ಹೆಡ್‌ಮೇಷ್ಟ್ರು ವಿಳಾಸ ಕೇಳಿಕೊಂಡು ನೇರ ಬಸ್ ಡಿಪೋಗೆ ಹೋದರಂತೆ. ಮರುದಿನ ಅಣ್ಣ ಫೋನ್ ಮಾಡಿದ.

"ಬಂದಿದ್ರು ಕಣೆ ನಿನ್ನ ಮೇಷ್ಟ್ರು."

"ಏನಂದ್ರು?"

"ಹೆಸರು ಹಿಡಿದು ಕರೆದ್ರು. ತಪ್ಪಾಯ್ತು ಅಂದ್ರು."

"ನೀನೇನಂದೆ?"

"ಏನನ್ನಲಿ? ಟೀ ಕುಡಿಸಿ ಕಳಿಸಿದೆ. ನನ್ನ ಓದು ವಾಪಸ್ ಬರುತ್ತಾ?" ಎಂದು ಅಣ್ಣ ಫೋನ್ ಇಟ್ಟ.

ಎಂಟು ತಿಂಗಳ ನಂತರ, ಕಲಿತು ಹೋದವರು ಏನು ಮಾಡುತ್ತಿದ್ದಾರೆಂದು ನೋಡಲು ಟೀಚರಮ್ಮ ಶಾಲೆ ಶಾಲೆ ಸುತ್ತುತ್ತಾ ಹೆಡ್‌ಮೇಷ್ಟ್ರ ಶಾಲೆಗೂ ಬಂದರು. ಬೆಳಗಿನ ಗಂಟೆ ಇನ್ನೂ ಹೊಡೆದಿರಲಿಲ್ಲ. ಹೆಡ್‌ಮೇಷ್ಟ್ರು ಗೇಟಿನಲ್ಲಿ, ಹಾಜರಿ ಪುಸ್ತಕವೂ ಇಲ್ಲದೆ, ಬರಿಗೈಯಲ್ಲಿ ನಿಂತಿದ್ದರು. ಒಳಗೆ ಬರುವ ಒಂದೊಂದು ಮಗುವನ್ನೂ ಹೆಸರು ಹಿಡಿದು ಕರೆಯುತ್ತಿದ್ದರು. ನಾನೂರು ಚಿಲ್ಲರೆ ಮಕ್ಕಳು, ನಾಲ್ಕೈದು ಧರ್ಮದ ಮನೆಗಳವರು. ಮೂಗಿನಲ್ಲಿ ಮುಗಿಯುವ ಹೆಸರು, ನಾಲಿಗೆ ಮಡಚುವ ಹೆಸರು, ಕೊನೆಯ ಅಕ್ಷರ ಅರ್ಧ ನುಂಗುವ ಹೆಸರು. ಯಾವುದೂ ತಪ್ಪಲಿಲ್ಲ. ಮನೆಯಲ್ಲಿ ತಾಯಿ ಊಟಕ್ಕೆ ಕರೆದಂತಿತ್ತು ಒಂದೊಂದು ಕರೆಯೂ. ಟೀಚರಮ್ಮ ಗೇಟಿನ ಕಂಬಕ್ಕೆ ಒರಗಿ ನಿಂತು ಒಂದೊಂದನ್ನೂ ಕೇಳಿಸಿಕೊಂಡರು. ಸಾವಿರಾರು ಜನರಿಗೆ ತರಬೇತಿ ಕೊಟ್ಟಿದ್ದರು, ತಾವು ಹೇಳಿದ ಮಾತು ಇಷ್ಟು ದೂರ ನಡೆದದ್ದನ್ನು ಮಾತ್ರ ಎಂದೂ ಕಂಡಿರಲಿಲ್ಲ.

ಅಷ್ಟರಲ್ಲಿ ಮಗುವೊಂದರ ತಂದೆ ದಡದಡ ಬಂದ.

"ನಮ್ಮ ಹುಡುಗೀನ ಬೇರೆ ಕಡೆ ಕೂರಿಸಿ ಸರ್. ಆ ಧರ್ಮದ ಹುಡುಗಿ ಪಕ್ಕ ಬೇಡ."

"ಆ ಹುಡುಗಿ ಹೆಸರೇನು ಹೇಳಿ?"

"ನಂಗೇನು ಗೊತ್ತು!"

"ನಿಮ್ಮ ಮಗಳಿಗೆ ಗೊತ್ತು. ಬನ್ನಿ, ಹತ್ತು ನಿಮಿಷ ಕಿಟಕಿ ಹತ್ರ ನಿಂತುಕೊಳ್ಳೋಣ. ಆಮೇಲೆ ಎಷ್ಟು ಬೇಕಾದ್ರೂ ಮಾತಾಡಿ, ಕೇಳ್ತೀನಿ. ಜಾಗ ಮಾತ್ರ ಬದಲಾಗಲ್ಲ."

ಗಂಟೆ ಹೊಡೆದು ತರಗತಿ ಶುರುವಾದ ಮೇಲೆ ಮೂವರೂ ಕಿಟಕಿಯ ಹೊರಗೆ ನಿಂತರು. ಒಳಗೆ ಇಬ್ಬರು ಹುಡುಗಿಯರು ಒಂದೇ ಕೈವಾರದಲ್ಲಿ ವೃತ್ತ ಎಳೆಯುತ್ತಿದ್ದರು. ಒಬ್ಬಳು ತಿರುಗಿಸುವಾಗ ಇನ್ನೊಬ್ಬಳು ಹಾಳೆ ಸರಿಯದಂತೆ ಎರಡೂ ಅಂಗೈ ಊರಿ ಹಿಡಿದಿದ್ದಳು. ವೃತ್ತ ಕೂಡಿಕೊಂಡಾಗ ಇಬ್ಬರೂ ಒಟ್ಟಿಗೆ ಹಿಗ್ಗಿದರು. ತಂದೆ ಕಿಟಕಿ ಬಿಟ್ಟು ಹೊರಟುಹೋದ. ಅವನ ಮನಸ್ಸು ತಿರುಗಿತೋ ಇಲ್ಲವೋ ಯಾರು ಕಂಡರು? ಮಗಳು ಮಾತ್ರ ಮರುದಿನವೂ ಅದೇ ಬೆಂಚಿಗೆ ಬಂದು ಕೂತಳಂತೆ.

ವರದಿ ಬರೆಯಲು ಟೀಚರಮ್ಮ ತಂದಿದ್ದ ಫಾರಂನಲ್ಲಿ ಹನ್ನೆರಡು ಪ್ರಶ್ನೆಗಳಿದ್ದವು. ಅದನ್ನು ಮಡಿಸಿ ಚೀಲಕ್ಕೆ ಹಾಕಿ, ಶಾಲೆಯ ಮೆಟ್ಟಿಲ ಮೇಲೆ ಕೂತು, ತಮ್ಮ ನೋಟ್‌ಬುಕ್ಕು ತೆಗೆದರು.

"ಸರ್, ಇಷ್ಟು ಹೆಸರು ಹೇಗೆ ಕಲಿತ್ರಿ? ಮೊದಲಿಂದ ಹೇಳಿ, ಬರ್ಕೋತೀನಿ. ಮುಂದಿನ ತಂಡಕ್ಕೆ ಹೇಳಬೇಕು."

"ಮನೆಮನೆಗೆ ಹೋಗಿ ತಾಯಂದಿರನ್ನ ಕೇಳಿದೆ, ಇನ್ನೇನು?" ಹೆಡ್‌ಮೇಷ್ಟ್ರು ಪಕ್ಕದಲ್ಲೇ ಕೂತು ಕನ್ನಡಕ ತೆಗೆದರು. "ಮೊದಲನೇ ಮನೇಲಿ ನಾಯಿ ಅಟ್ಟಿಸಿಕೊಂಡು ಬಂತು. ಅದನ್ನೂ ಬರ್ಕೊಳ್ಳಿ."

ಟೀಚರಮ್ಮ ನಗುತ್ತಲೇ ಬರೆದುಕೊಂಡರು.