ಬಿಚ್ಚದೆ ಕರಗುವ ಗಂಟು

ಹತ್ತಿಯಣ್ಣ ನಲವತ್ತು ವರ್ಷದಿಂದ ಹಾಸಿಗೆ ಹೊಲಿಯುತ್ತಿದ್ದಾನೆ. ಅವನ ಲೆಕ್ಕದಲ್ಲಿ ಮನುಷ್ಯರಲ್ಲಿ ಎರಡೇ ಜಾತಿ: ಗಂಟುಗಟ್ಟಿದ ಹಾಸಿಗೆಯನ್ನು ಬಿಚ್ಚಿ ಹತ್ತಿ ಹಿಂಜುವವರು, ಬಿಚ್ಚದೆ ಮೇಲಿಂದ ಕೋಲಲ್ಲಿ ಬಡಿದು ಸರಿಯಾಯಿತೆಂದು ಕಳಿಸುವವರು. ಎರಡನೆಯವರೊಂದಿಗೆ ಅವನು ಮಾತಾಡುವುದಿಲ್ಲ. ಸ್ವಂತ ತಮ್ಮನೂ ಆ ಪೈಕಿ.

ಕಳೆದ ವರ್ಷ ಅವನಿಗೆ ಉಸಿರು ಸಾಲದಾಯಿತು. ಹತ್ತಿಯ ಧೂಳೆಂದು ಬೀದಿಯವರೆಲ್ಲ ತೀರ್ಪು ಕೊಟ್ಟರು. ಮೊದಲ ಆಸ್ಪತ್ರೆಯವರು ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೆಂದು, ರಕ್ತ ತೆಳುವಾಗುವ ಮಾತ್ರೆ ಕೊಟ್ಟರು. ಗಡ್ಡ ಹೆರೆದುಕೊಳ್ಳುವಾಗ ಗಾಯವಾದರೆ ರಕ್ತ ನಿಲ್ಲುತ್ತಿರಲಿಲ್ಲ; ಅದೊಂದೇ ಅದರ ಫಲ.

ಎರಡನೆಯ ಆಸ್ಪತ್ರೆಯ ಡಾಕ್ಟರಮ್ಮ ಗಂಟಲ ಮೂಲಕ ಸಣ್ಣ ಕೊಳವೆ ಇಳಿಸಿ ಪರೀಕ್ಷೆ ಮಾಡಿದರು. ವಾರ ಕಳೆದ ಮೇಲೆ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು:

"ಇದಕ್ಕೆ ಸಾರ್ಕಾಯ್ಡೋಸಿಸ್ ಅಂತಾರೆ. ನಾಳದೊಳಗೆ ಏನೂ ಕಟ್ಟಿಕೊಂಡಿಲ್ಲ, ಯಜಮಾನ್ರೇ. ಪಕ್ಕದಲ್ಲಿ ಗಂಟುಗಳು ಊದಿಕೊಂಡು ಅದನ್ನ ಹೊರಗಿಂದ ಒತ್ತುತ್ತಿವೆ. ಈ ಕಾಯಿಲೆಯಲ್ಲೂ ಇದು ಅಪರೂಪ."

"ಬಿಚ್ಚೋದು ಯಾವಾಗ?"

"ಬಿಚ್ಚೋದಿಲ್ಲ. ಮಾತ್ರೆಗೇ ಕರಗುತ್ತೆ."

ಹತ್ತಿಯಣ್ಣ ಎದ್ದು ನಿಂತ. "ಬಿಚ್ಚದೆ ಗಂಟು ತೆಗೀತೀನಿ ಅನ್ನೋರನ್ನ ಬಹಳ ನೋಡಿದೀನಮ್ಮ. ನಮ್ಮನೇಲೇ ಒಬ್ಬ ಇದಾನೆ."

ಹೆಂಡತಿ ಕೊಂಡುತಂದ ಮಾತ್ರೆ ಹನ್ನೊಂದು ದಿನ ಕಪಾಟಿನಲ್ಲೇ ಇತ್ತು. ಅವಳು ಬೇಡಿದಳು, ಬೈದಳು, ಕೊನೆಗೆ ಮಾತು ಬಿಟ್ಟಳು. ಇದು ಅವನಿಗೆ ಅನುಕೂಲವೇ ಆಯಿತು. ಉತ್ತರ ಕೊಡಲು ಉಸಿರಿರಲಿಲ್ಲ. ಹನ್ನೆರಡನೆಯ ದಿನ ಅವನ ತುಟಿ ನೀಲಿಯಾದದ್ದನ್ನು ಕಂಡು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

"ನಾಳ ಹೀಗೇ ಒತ್ತಿಕೊಂಡಿದ್ರೆ ಹೃದಯ ಸೋತುಹೋಗುತ್ತೆ" ಎಂದರು ಡಾಕ್ಟರಮ್ಮ.

"ಗಂಟೊಳಗೆ ಏನಿದೆ ಅಂತ ನಿಮಗೆ ಹೇಗೆ ಗೊತ್ತು?"

"ಅವತ್ತು ಕೊಳವೆ ಹಾಕಿದ್ವಲ್ಲ, ಅದರಿಂದಲೇ ಸ್ವಲ್ಪ ತೆಗೆದು ನೋಡಿದ್ವಿ."

"ಸ್ವಲ್ಪ ಅಂದ್ರೆ?"

"ಒಂದು ಚಿಟಿಕೆ."

ಅವನು ಹೆಬ್ಬೆರಳಿಗೆ ತೋರುಬೆರಳು ಸೇರಿಸಿ ಉಜ್ಜಿಕೊಂಡ. ಯಾವ ಹಾಸಿಗೆ ಬಂದರೂ ಮೂಲೆಯ ಒಂದು ಹೊಲಿಗೆ ಬಿಚ್ಚಿ, ಚಿಟಿಕೆ ಹತ್ತಿ ತೆಗೆದು, ಬೆರಳಲ್ಲಿ ಉಜ್ಜಿ ನೋಡದೆ ಅವನು ಕೆಲಸ ಒಪ್ಪಿಕೊಳ್ಳುವುದಿಲ್ಲ.

"ಇದನ್ನ ಮೊದಲೇ ಹೇಳಬಾರದಾ?" ಎಂದ, ತಪ್ಪೆಲ್ಲ ಅವರದೇ ಎಂಬಂತೆ. "ಎಲ್ಲಿ ಆ ಮಾತ್ರೆ?"

"ನನ್ನ ಚೀಲದಲ್ಲೇ ಇದೆ" ಎಂದಳು ಹೆಂಡತಿ. "ಬಾಯಿ ತೆಗೀರಿ."

ನಾಲ್ಕು ತಿಂಗಳಲ್ಲಿ ಗಂಟುಗಳು ಕುಗ್ಗಿ ನಾಳ ಸಾಕಷ್ಟು ತೆರೆದುಕೊಂಡಿತು. ಹೊಸ ಸ್ಕ್ಯಾನ್ ಚಿತ್ರವನ್ನು ಹತ್ತಿಯಣ್ಣ ತಲೆ ಓರೆ ಮಾಡಿ ಪರೀಕ್ಷಿಸಿ, ಕೆಲಸ ಪರವಾಗಿಲ್ಲ ಎಂದ.

"ಇವರ ಮುಖ ಮಾತ್ರ ಕುಂಬಳಕಾಯಿ ಆಗಿದೆಯಲ್ಲಮ್ಮ" ಎಂದಳು ಹೆಂಡತಿ.

"ಅದು ಮಾತ್ರೆಯಿಂದ. ಇನ್ನು ಕಡಿಮೆ ಮಾಡ್ತಾ ಬರೋಣ."

"ಅವಸರ ಬೇಡಮ್ಮ" ಎಂದ ಹತ್ತಿಯಣ್ಣ. "ಅರ್ಧಕ್ಕೆ ಕೈ ಬಿಟ್ಟರೆ ಮತ್ತೆ ಗಂಟಾಗುತ್ತೆ."