ಮಾತೆಯನ್ನು ಹಿಡಿದಿಟ್ಟುಕೊಂಡ ಇಜಾಬೆಲ್

ಇಜಾಬೆಲ್ ನಿಂತಲ್ಲಿ ನಿಲ್ಲುವ ಹೆಂಗಸಲ್ಲ. ಹಳಿಯಾಳದಿಂದ ಹದಿನೆಂಟು ಕಿಲೋಮೀಟರ್ ಒಳಗಿರುವ ಈ ಸಿದ್ದಿಯರ ಕೇರಿಯ ಶಾಲೆಗೆ ನಾನು ಮಾಸ್ತರನಾಗಿ ಬಂದು ಒಂಬತ್ತು ವರ್ಷವಾಯಿತು. ಇಷ್ಟು ವರ್ಷದಲ್ಲಿ ಅವಳು ನನ್ನ ಜೊತೆ ಸಮಾಧಾನವಾಗಿ ಕೂತು ಆಡಿದ ಮಾತು ಹತ್ತೂ ಇರಲಿಕ್ಕಿಲ್ಲ. ಕಬ್ಬಿನ ಗದ್ದೆಗೆ ಹೊರಟವಳನ್ನು ಏನಾದರೂ ಕೇಳಿದರೆ ಉತ್ತರ ಕೊಡುತ್ತಲೇ ಮುಂದೆ ಹೋಗಿಬಿಡುತ್ತಾಳೆ. ಪೂರ್ತಿ ಉತ್ತರ ಬೇಕಿದ್ದರೆ ಹಿಂದೆ ಓಡಬೇಕು. ನನಗೆ ಮೊಣಕಾಲು ನೋವು, ಹಾಗಾಗಿ ಅವಳ ಎಷ್ಟೋ ಉತ್ತರಗಳು ನನಗೆ ಅರ್ಧವೇ ಗೊತ್ತು.

ಫಾದರ್ ಈ ಕಡೆ ಬರುವುದು ತಿಂಗಳಿಗೆ ಎರಡು ಸಲ. ಮಿಕ್ಕ ದಿನಗಳಲ್ಲಿ ಕೇರಿಯವರಿಗೆ ಮಣಿ ಎಣಿಸುತ್ತ ಜಪಸರದ ಪ್ರಾರ್ಥನೆ ಹೇಳಿಸುವವಳು ಇಜಾಬೆಲ್. ಹನ್ನೆರಡು ವರ್ಷದಿಂದ ಈ ಕೆಲಸ ಅವಳದೇ. ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಅವರ ಕೊಂಕಣಿ ಪ್ರಾರ್ಥನೆಯ ಒಳಹೊರಗು ನನಗೆ ತಿಳಿಯದು. ಆದರೆ ಹೋದ ವರ್ಷದ ಶ್ರಾವಣದಿಂದೀಚೆಗೆ ಅವಳ ದನಿ ಬದಲಾಗಿದ್ದು ಭಾಷೆ ಬಾರದವನಿಗೂ ಗೊತ್ತಾಗುವಂತಿತ್ತು. ಬೇಡುವವಳ ದನಿ ಹೋಗಿ, ರೇಷನ್ ಅಂಗಡಿಯ ಮುಂದೆ ಜಗಳಕ್ಕೆ ನಿಂತವಳ ದನಿ ಬಂದಿತ್ತು.

ಅದಕ್ಕೆ ಕಾರಣವಿತ್ತು. ಆ ಶ್ರಾವಣದಲ್ಲಿ ಅವಳ ಗಂಡ ರೊಜಾರಿಯೊ ಸೊಪ್ಪು ಕಡಿಯಲು ಮತ್ತಿ ಮರ ಹತ್ತಿ ಕೆಳಗೆ ಬಿದ್ದ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೂರು ತಿಂಗಳಿದ್ದು ಮನೆಗೆ ಬಂದಾಗ ಅವನ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ಅವನು ಬಿದ್ದಾಗ ಮರದ ಬುಡದಲ್ಲಿದ್ದವನು ಪಕ್ಕದ ಮನೆಯ ಬಸ್ತ್ಯಾಂವ್. ಇವನೇ ಒತ್ತಾಯ ಮಾಡಿ ಮರ ಹತ್ತಿಸಿದ ಎಂದು ಇಜಾಬೆಲ್ ತೀರ್ಮಾನಿಸಿದಳು. ರೊಜಾರಿಯೊ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಬಸ್ತ್ಯಾಂವ್ ಕೂಡ ಬಾಯಿ ಬಿಡಲಿಲ್ಲ. ಹದಿನಾಲ್ಕು ತಿಂಗಳು ಎರಡು ಮನೆಗಳ ನಡುವೆ ಮಾತಿಲ್ಲ, ಕತೆಯಿಲ್ಲ. ಬಸ್ತ್ಯಾಂವನ ಹೆಂಡತಿ ಜೆನಿಫರ್ ನೀರಿಗೆ ಬಂದರೆ ಇಜಾಬೆಲ್ ಕೊಡ ಖಾಲಿಯಿದ್ದರೂ ಎತ್ತಿಕೊಂಡು ಹೊರಟುಬಿಡುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟೂ ಬರುತ್ತಿತ್ತು, ಅವಳ ಹಗಲು ರಾತ್ರಿಯ ದುಡಿತ ನೋಡಿ ಕರುಳೂ ಚುರುಕ್ಕೆನ್ನುತ್ತಿತ್ತು.

ಈ ವರ್ಷ ಅಕ್ಟೋಬರ್ ಬಂತು. ಅದು ಜಪಸರದ ತಿಂಗಳು. ಇಲ್ಲಿನ ಮೂರು ಕೇರಿಗಳಲ್ಲಿ ಸೇರಿ ಮೂವತ್ತೊಂದು ಕ್ರೈಸ್ತ ಮನೆಗಳಿವೆ. ಮೊಳದುದ್ದದ ಮರಿಯಮಾತೆಯ ಪ್ರತಿಮೆ ದಿನಕ್ಕೊಂದು ಮನೆಯಂತೆ ತಿಂಗಳಿಡೀ ಸುತ್ತುತ್ತದೆ. ಒಂದು ಮನೆಯವರು ಮರುದಿನ ಸಂಜೆ ಮಾತೆಯನ್ನು ಹೊತ್ತು ಮುಂದಿನ ಮನೆಗೆ ಒಯ್ಯಬೇಕು, ಆ ಮನೆಯವರು ಹೊಸ್ತಿಲಲ್ಲಿ ನಿಂತು ಕೈಯಿಂದ ಕೈಗೇ ತೆಗೆದುಕೊಳ್ಳಬೇಕು. ನಡುವೆ ಮೂರನೆಯವರ ಕೈ ಬರುವಂತಿಲ್ಲ. ಮಾತು ಬಿಟ್ಟ ಮನೆಗಳು ವರ್ಷಕ್ಕೊಮ್ಮೆಯಾದರೂ ಎದುರುಬದುರಾಗಲಿ ಎಂದೇ ಹಿರಿಯರು ಈ ಪದ್ಧತಿ ಇಟ್ಟಿರಬೇಕು. ಕಳೆದ ವರ್ಷ ಇಜಾಬೆಲ್, ರೊಜಾರಿಯೊ ಇಬ್ಬರೂ ಆಸ್ಪತ್ರೆಯಲ್ಲಿದ್ದರು, ಹಾಗಾಗಿ ಮಾತೆ ಅವರ ಮನೆ ದಾಟಿ ಹೋಗಿದ್ದಳು. ಈ ಸಲ ಹತ್ತೊಂಬತ್ತನೇ ತಾರೀಕು ಇಜಾಬೆಲಳ ಮನೆ, ಇಪ್ಪತ್ತಕ್ಕೆ ಬಸ್ತ್ಯಾಂವನ ಮನೆ.

ಇಪ್ಪತ್ತರ ಸಂಜೆ ಜೆನಿಫರ್ ಅಂಗಳ ಸಾರಿಸಿ, ಚೆಂಡುಹೂವಿನ ಮಾಲೆ ಕಟ್ಟಿ ಬಾಗಿಲಲ್ಲಿ ಕಾದಳು. ಮಾತೆ ಬರಲಿಲ್ಲ. ಕೇಳಲು ಹೋದ ಹಿರಿಯರಿಗೆ ಇಜಾಬೆಲ್ ಬಾಗಿಲಿಗೆ ಅಡ್ಡ ನಿಂತು, "ನನ್ನ ಗಂಡ ಎದ್ದ ನಿಂದ್ರೂತನಕ ಅಕಿ ಇಲ್ಲಿಂದ ಕದಲಂಗಿಲ್ಲ" ಎಂದಳಂತೆ.

ಮೊದಲ ದಿನ ಜನ ನಕ್ಕರು. ಎರಡನೇ ದಿನ ಗೊಣಗಿದರು. ಮೂರನೇ ದಿನ ಆಚೆ ಕೇರಿಯವರು ಬಂದು ಜಗಳಕ್ಕೇ ನಿಂತರು. ತಪ್ಪೇನಿತ್ತು ಅವರದು? ತಿಂಗಳಿಗೆ ಮೂವತ್ತೊಂದು ದಿನ, ಮೂವತ್ತೊಂದು ಮನೆ. ಇಲ್ಲಿ ಒಂದು ದಿನ ತಡವಾದರೆ ಅಲ್ಲಿ ಕೊನೆಗೊಂದು ಮನೆ ತಪ್ಪುತ್ತದೆ. ವರ್ಷವಿಡೀ ಆ ಒಂದು ಸಂಜೆಗೆ ಕಾದವರು ಸುಮ್ಮನಿರುತ್ತಾರೆಯೇ? ಇಜಾಬೆಲ್ ಕೂಲಿಗೂ ಹೋಗಲಿಲ್ಲ. ಒಲೆಗೆ ಹೋಗುವಳು, ಗಂಡನ ಹಾಸಿಗೆಗೆ ಹೋಗುವಳು, ಮಾತೆಯ ಮುಂದೆ ಮೊಣಕಾಲೂರಿ ಎರಡು ಮಣಿ ಎಣಿಸುವಳು, ಮತ್ತೆ ಎದ್ದು ಬಾಗಿಲಿಗೆ ಬರುವಳು. ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ನಾಲ್ಕನೇ ದಿನ ಶಾಲೆಯ ಊಟದ ಹೊತ್ತಿಗೆ ಹಿರಿಯರು ನನ್ನನ್ನು ಕಳಿಸಿದರು. ತಮ್ಮಿಂದಾಗದ ಕೆಲಸವನ್ನು ಮಾಸ್ತರನ ತಲೆಗೆ ಕಟ್ಟುವುದು ಎಲ್ಲ ಊರಿನಲ್ಲೂ ಇರುವುದೇ. ನಾನು ಹೋಗಿ, "ಇಜಾಬೆಲ್‌ಬಾಯಿ, ದೇವರ ಜೋಡಿ ಹಟಾ ಮಾಡಿ ಗೆದ್ದಾವ್ರು ಯಾರರೆ ಅದಾರೇನು?" ಎಂದೆ.

"ನಿಮ್ಮ ದೇವರ ಸುದ್ದಿ ನೀವು ನೋಡ್ಕೋರಿ, ಸರ" ಎಂದಳು. "ಹನ್ನೆರಡ ವರ್ಷ ಇಕಿ ಹೆಸರ ಹೇಳೇನಿ. ಒಂದ ಸಲಾ ನನ್ನ ಮಾತ ಕೇಳಿದ್ರ ಇಕಿ ಗಂಟೇನ ಹೋಗತೈತಿ?"

ಅಷ್ಟರಲ್ಲಿ ಮೂಲೆಯ ಹಾಸಿಗೆಯಿಂದ ರೊಜಾರಿಯೊ ಮಾತಾಡಿದ. ಮನೆಯಲ್ಲಿ ಅವರು ಕೊಂಕಣಿ ಆಡುವವರು. ಅವನು ಕನ್ನಡದಲ್ಲಿ ಶುರು ಮಾಡಿದ್ದು ನಾನೂ ಕೇಳಲಿ ಎಂದೇ ಇರಬೇಕು.

"ಈ ಮನ್ಯಾಗ ಒಬ್ಬಾವ ಕದಲಲಾರದ ಬಿದ್ದದ್ದು ಸಾಲಲಿಲ್ಲೇನು? ಅಕಿನ್ನೂ ಯಾಕ ಕಟ್ಟಿ ಹಾಕೀದಿ?"

"ನಿನ್ನ ಸಲುವಾಗೇ ಅಲ್ಲೇನು?"

"ನನ್ನ ಸಲುವಾಗಿ ಆದ್ರ ಕೇಳು. ಬಸ್ತ್ಯಾಂವ್ ನನ್ನ ಮರಾ ಹತ್ತಸಲಿಲ್ಲ. ಬ್ಯಾಡ ಅಂದಾವ ಅವ. ಮರ ಜಾರತೈತಿ ಅಣ್ಣಾ, ನಾಳೆ ಬರೂಣು ಅಂದ. ಕಾಲ ಹಿಡದ ಎಳದ. ನಾನ ಕೇಳಲಿಲ್ಲ."

ಇಜಾಬೆಲ್ ಅವನನ್ನೇ ನೋಡಿದಳು. "ಹದಿನಾಕ ತಿಂಗಳ ಯಾಕ ಹೇಳಲಿಲ್ಲ?"

"ನೀ ಅವನ್ನ ಬೈಯೂದು ಕೇಳಕೋತ ಬಿದ್ರ ನನ್ನ ತಪ್ಪು ನನಗ ಮರತಂಗ ಆಗತಿತ್ತು" ಎಂದು ಅವನು ಮುಖವನ್ನು ಗೋಡೆಗೆ ತಿರುಗಿಸಿದ.

ನಾನು ಅಲ್ಲಿರಬಾರದಿತ್ತು ಅನಿಸಿತು. ಅವಳು ಗಂಡನನ್ನು ಬೈಯುತ್ತಾಳೆ, ಇಲ್ಲವೇ ಎದೆ ಬಡಿದುಕೊಂಡು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡನ್ನೂ ಮಾಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಮಾತೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಮಾತೆಯನ್ನು ಒಯ್ಯುವುದು ಸಂಜೆಗೆ. ಮೇಲೆ ಛತ್ರಿ ಹಿಡಿಯಬೇಕು, ಮುಂದೆ ಮೇಣದಬತ್ತಿ ಇರಬೇಕು, ಹಿಂದೆ ಹಾಡುವವರು ಬೇಕು. ಅವಳು ಸುಡುವ ಮಧ್ಯಾಹ್ನದಲ್ಲಿ ಬರಿಗಾಲಲ್ಲಿ ಒಬ್ಬಳೇ ಹೊರಟಳು. ಹಿಂದೆ ಹೋದವನೆಂದರೆ ಲಿಂಗ ಕಟ್ಟಿಕೊಂಡ ನಾನೊಬ್ಬ.

ಜೆನಿಫರ್ ಮೆಕ್ಕೆಜೋಳದ ತೆನೆ ಸುಲಿಯುತ್ತ ಕೂತಿದ್ದವಳು ಗಾಬರಿಯಾಗಿ ಎದ್ದಳು. "ಅಕ್ಕಾ, ಮನಿ ಸಾರಿಸಿಲ್ಲ, ಹೂವು ಬಾಡ್ಯಾವು" ಎಂದಳು. ಇಜಾಬೆಲ್ "ಹಿಡಿ" ಎಂದಷ್ಟೇ ಹೇಳಿ ಮಾತೆಯನ್ನು ಅವಳ ಕೈಗೆ ಕೊಟ್ಟಳು. ಬಸ್ತ್ಯಾಂವ್ ಒಳಗೆ ಬರದೆ ದನದ ಕೊಟ್ಟಿಗೆಯ ಬಳಿ ತಲೆ ತಗ್ಗಿಸಿ ನಿಂತಿದ್ದ. ಇಜಾಬೆಲ್ ಅವನ ಹತ್ತಿರ ಹೋದಳು.

"ಅವ ಎಲ್ಲಾ ಹೇಳ್ಯಾನ. ನಿಂದು ತಪ್ಪಿಲ್ಲ ಅಂತ."

"ನನಗ ಗೊತ್ತಿತ್ತಲ್ಲ, ವೈನಿ."

"ಗೊತ್ತಿದ್ದು ಬಾಯಿ ಮುಚಗೊಂಡ ಬೈಸಿಕೊಂಡ್ಯಾ?"

"ಸೊಂಟ ಮುರದ ಬಿದ್ದಾವನ ಮ್ಯಾಲ ಅದೂ ಒಂದ ಹೊರಸೂದು ಯಾಕ ಅನಸ್ತು" ಎಂದ ಬಸ್ತ್ಯಾಂವ್. "ನಾ ಗಟ್ಟಿ ಅದೀನಲ್ಲ, ತಡಕೋತೇನಿ."

ಇಜಾಬೆಲ್ ಅಲ್ಲೇ ಸಗಣಿ ಬಿದ್ದ ನೆಲದ ಮೇಲೆ ಕೂತು ಅವನ ಕಾಲು ಹಿಡಿದಳು. ಅವನು ಹಿಂದೆ ಸರಿದ, ಅವಳು ಬಿಡಲಿಲ್ಲ. ತಾನು ಹನ್ನೆರಡು ವರ್ಷ ಜಪಸರದಲ್ಲಿ ಬರೇ ಬಾಯಲ್ಲಿ ಹೇಳಿಸಿದ ಯೇಸುವಿನ ಶಿಲುಬೆಯನ್ನು ಈ ಮನುಷ್ಯ ಪಕ್ಕದ ಮನೆಯಲ್ಲೇ ಹೊತ್ತುಕೊಂಡು ಕೂತಿದ್ದ ಎಂದು ಮುಂದೊಂದು ದಿನ ನನಗೆ ಹೇಳಿದಳು. ಆ ಹೊತ್ತಿಗೆ ಮಾತ್ರ ಅವಳು ಬರೇ ಅಳುತ್ತಿದ್ದಳು. ಜೆನಿಫರ್ ಕೂಡ ಅಳುತ್ತಿದ್ದಳು. ನಾನು ಶಾಲೆಯ ಗಂಟೆಯ ನೆಪ ಹೇಳಿ ಅಲ್ಲಿಂದ ಕಾಲುಕಿತ್ತೆ.

ಆದರೂ ಕಳೆದ ದಿನಗಳು ಕಳೆದವು. ಅವಳ ಹಟದಿಂದ ಆಚೆ ಕೇರಿಯ ಕೊನೆಯ ಮೂರು ಮನೆಗಳಿಗೆ ಅಕ್ಟೋಬರ್ ತಪ್ಪಿಹೋಯಿತು. ಫಾದರನ್ನು ಕೇಳಿಕೊಂಡು ನವೆಂಬರಿನಲ್ಲಿ ತಾನೇ ಮಾತೆಯನ್ನು ಹೊತ್ತು ಆ ಮೂರು ಮನೆಗಳಿಗೆ ಹೋದಳು. ಬಾಗಿಲಲ್ಲಿ ಬೈಗುಳ ತಿಂದಳು. ಮೂರನೆಯ ಮನೆಯಲ್ಲಿ ಪಾಸ್ಕಿನ್ ಎಂಬ ಮುದುಕಿ ಲಕ್ವಾ ಹೊಡೆದು ಮಲಗಿದ್ದಳು, ಬೆನ್ನ ತುಂಬ ಹುಣ್ಣು. ಮನೆಯವರಿಗೆ ಮುದುಕಿಯ ಮೇಲೆ ಪ್ರೀತಿಯಿತ್ತು, ಆರೈಕೆಯ ರೀತಿ ಗೊತ್ತಿರಲಿಲ್ಲ. ಇಜಾಬೆಲಳಿಗೆ ಹದಿನಾಲ್ಕು ತಿಂಗಳ ಪಾಠವಾಗಿತ್ತು. ಎರಡು ತಾಸಿಗೊಮ್ಮೆ ಹೇಗೆ ಮಗ್ಗುಲು ಬದಲಿಸಬೇಕು, ಎಲ್ಲಿ ದಿಂಬು ಕೊಡಬೇಕು, ಹುಣ್ಣು ಹೇಗೆ ತೊಳೆಯಬೇಕು ಎಂದು ಸೊಸೆಯ ಕೈ ಹಿಡಿದು ಕಲಿಸಿದಳು. ಅಂದು ಜಪಸರ ಮುಗಿಯುವಾಗ ಕತ್ತಲಾಗಿತ್ತು. ಮರುದಿನವೂ ಹೋದಳು, ಅದರ ಮರುದಿನವೂ ಹೋದಳು.

ಈಗ ಸುತ್ತಿನ ಕೇರಿಗಳಲ್ಲಿ ಹಾಸಿಗೆ ಹಿಡಿದವರಿದ್ದರೆ ಅವಳಿಗೆ ಕರೆ ಬರುತ್ತದೆ. ದನ ಸಾಕುವ ಗೌಳಿಗರ ದೊಡ್ಡಿಯಿಂದ ಡಾಕಪ್ಪ ಎಂಬವನೂ ತನ್ನ ತಾಯಿಗಾಗಿ ಬಂದು ಕರೆದೊಯ್ದ. ಅವಳು ಹೋದ ಹೊತ್ತಿನಲ್ಲಿ ರೊಜಾರಿಯೊನನ್ನು ಎತ್ತಿ ಕೂರಿಸುವವನು ಬಸ್ತ್ಯಾಂವ್. ರೊಜಾರಿಯೊ ನಡೆಯುವುದಿಲ್ಲ, ಡಾಕ್ಟರು ಅದನ್ನು ಸ್ಪಷ್ಟವಾಗಿ ಹೇಳಿಬಿಟ್ಟಿದ್ದಾರೆ. ಇಜಾಬೆಲಳ ಸಿಟ್ಟೂ ಪೂರ್ತಿ ಇಳಿದಿಲ್ಲ. ಜಪಸರ ಹೇಳಿಸುವಾಗ ಈಗಲೂ ನಡುವೆ ದನಿ ಏರುತ್ತದೆ.

ಮೊನ್ನೆ ದಾರಿಯಲ್ಲಿ ಸಿಕ್ಕಳು. ನಾನು ಮೊಣಕಾಲು ಹಿಡಿದುಕೊಂಡೇ ಅವಳ ಹಿಂದೆ ಹೆಜ್ಜೆ ಹಾಕುತ್ತ, "ಕಡೀಕ ಮಾತೆ ನೀವು ಕೇಳಿದ್ದು ಕೊಡಲಿಲ್ಲ, ಹೌದಿಲ್ಲೋ?" ಎಂದು ಕೆಣಕಿದೆ.

"ಇಲ್ಲ ಬಿಡ್ರಿ, ಸರ" ಎಂದಳು. "ನಾ ನನ್ನ ಗಂಡನ ಕಾಲ ಕೇಳಿದ್ದೆ. ಅಕಿ ಹಾಸಿಗಿ ಹಿಡದಾವ್ರ ಕಡೆ ನಡಿಯಾಕ ನನ್ನ ಕಾಲ ಕೇಳಿದ್ಲು. ಕೊಡಂಗಿಲ್ಲ ಅಂದೆ, ಬಿಡಲಿಲ್ಲ ಅಕಿ."