ಶಿವಗಂಗಮ್ಮ ಹಗೇವು ತೆರೆದ ಮೂರು ದಿನ

ಬಿಳಿಚೋಡಿನಲ್ಲಿ ನಮ್ಮ ಮನೆಗೂ ಶಿವಗಂಗಮ್ಮನ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಆಕೆ ಒಲೆ ಊದಿದರೆ ನನಗೆ ಕೇಳುತ್ತಿತ್ತು, ನಾನು ರೊಟ್ಟಿ ತಟ್ಟಿದರೆ ಆಕೆಗೆ ಕೇಳುತ್ತಿತ್ತು. ಆದರೂ ಎಂಟು ವರ್ಷ ಆಕೆ ನಮ್ಮ ಹೊಸಿಲು ತುಳಿದಿರಲಿಲ್ಲ. ಜಗಳವೇನೂ ಇರಲಿಲ್ಲ. ಗಂಡ ಹೋದ ಮೇಲೆ ಆಕೆ ಯಾರ ಹೊಸಿಲನ್ನೂ ತುಳಿಯಲಿಲ್ಲ, ಅಷ್ಟೆ.

ಆಕೆಯ ಮನೆ ಅಂಗಳದಲ್ಲಿ ಒಂದು ಹಗೇವು ಇತ್ತು. ಈಗಿನ ಮಕ್ಕಳು ಹಗೇವು ನೋಡಿಲ್ಲ, ಅದಕ್ಕೆ ಹೇಳುತ್ತೇನೆ. ಗಟ್ಟಿ ನೆಲದಲ್ಲಿ ಒಂದೂವರೆ ಆಳು ಆಳ ತೋಡಿದ ಗುಂಡಿ ಅದು. ಬಾಯಿ ಒಬ್ಬರು ಇಳಿಯುವಷ್ಟು ಚಿಕ್ಕದು, ಒಳಗೆ ಗಡಿಗೆಯ ಹಾಗೆ ಅಗಲ. ಒಳಗೆ ಬೆಂಕಿ ಹಾಕಿ ಗೋಡೆ ಒಣಗಿಸಿ, ಸುತ್ತ ಸೊಪ್ಪೆ, ಎಂದರೆ ಜೋಳದ ಒಣ ದಂಟು, ಕಟ್ಟಿ, ಜೋಳ ತುಂಬಿ, ಮೇಲೆ ಮತ್ತೆ ಸೊಪ್ಪೆ ಹೊಟ್ಟು ತುರುಕಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ನಾಲ್ಕೈದು ವರ್ಷ ಹುಳ ಬೀಳುವುದಿಲ್ಲ. ಆದರೆ ಹಗೇವಿನ ಜೋಳ ತಿನ್ನಲಿಕ್ಕೆ ಮಾತ್ರ. ಬಿತ್ತಿದರೆ ಹುಟ್ಟುವುದಿಲ್ಲ. ಒಮ್ಮೆ ಬಾಯಿ ತೆರೆದ ಮೇಲೆ ಮತ್ತೆ ಮುಚ್ಚುವ ಹಾಗೂ ಇಲ್ಲ, ಗಾಳಿ ಹೊಕ್ಕಿತೆಂದರೆ ಹುಳ ಬೀಳುತ್ತದೆ. ತೆರೆದವರು ಮಳೆಗಾಲದ ಒಳಗೆ ಪೂರ್ತಿ ತೆಗೆದು ಖರ್ಚು ಮಾಡಬೇಕು.

ಇನ್ನೊಂದು ಮಾತು. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ತೆರೆದ ಕೂಡಲೇ ಇಳಿಯಬಾರದು. ದೀಪ ಇಳಿಬಿಟ್ಟು ನೋಡಬೇಕು. ದೀಪ ಉರಿದರೆ ಇಳಿಯಬೇಕು, ಆರಿದರೆ ಒಂದು ದಿನ ಕಾಯಬೇಕು. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಶಿವಗಂಗಮ್ಮನಿಗೂ ಗೊತ್ತಿತ್ತು, ಆಕೆಯ ಗಂಡ ಜಂಪಣ್ಣನಿಗೂ ಗೊತ್ತಿತ್ತು.

ಎಪ್ಪತ್ತೆಂಟನೇ ಇಸವಿ ಮಾಘ ಮಾಸ. ಜಂಪಣ್ಣನ ತಂಗಿಯ ಮಗಳ ಮದುವೆಗೆ ಎರಡು ಚೀಲ ಜೋಳ ಕಳಿಸಬೇಕಿತ್ತು. ಜಗಳೂರಿಗೆ ಹೋಗುವ ಗಾಡಿ ಬಾಗಿಲಲ್ಲಿ ನಿಂತಿತ್ತು. ಆವತ್ತು ಬೆಳಿಗ್ಗೆಯೇ ಹಗೇವು ತೆರೆದಿದ್ದರು. ಶಿವಗಂಗಮ್ಮ ಮಣ್ಣಿನ ಹಣತೆಯನ್ನು ಒಂದು ಡಬ್ಬಿಯಲ್ಲಿಟ್ಟು ಹಗ್ಗ ಕಟ್ಟಿ ಇಳಿಬಿಟ್ಟಳು. ಮೇಲೆಳೆದಾಗ ಆರಿತ್ತು. ನಾನು ನಮ್ಮ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಾ ನೋಡುತ್ತಿದ್ದೆ.

"ಏನಾತು?" ಅಂದ ಜಂಪಣ್ಣ.

"ಗಾಳಿಗೆ ಆರೈತೆ ಕಣ್ರೀ," ಅಂದಳು ಶಿವಗಂಗಮ್ಮ. ಆವತ್ತು ಗಾಳಿ ಬೀಸುತ್ತಿದ್ದದ್ದೂ ನಿಜ.

"ಹಂಗಾರೆ ಸುಮ್ನೆ ಎಣ್ಣೆ ಯಾಕೆ ದಂಡ ಮಾಡ್ತಿ?" ಎಂದು ನಕ್ಕು ಜಂಪಣ್ಣ ಇಳಿದ. ಸೊಂಟಕ್ಕೆ ಹಗ್ಗ ಕಟ್ಟಿರಲಿಲ್ಲ. ಒಳಗಿನಿಂದ ಒಂದು ಮಾತೂ ಬರಲಿಲ್ಲ. ಗಂಡಸರು ಓಡಿ ಬಂದು ಕೊಕ್ಕೆ ಹಾಕಿ ಮೇಲೆಳೆಯುವ ಹೊತ್ತಿಗೆ ಮುಗಿದಿತ್ತು.

ಮಕ್ಕಳಿರಲಿಲ್ಲ. ಆ ಹಗೇವನ್ನು ಕಲ್ಲು ಮಣ್ಣು ಹಾಕಿ ಮುಚ್ಚಿಬಿಡು ಎಂದು ಊರೆಲ್ಲ ಹೇಳಿತು. ಆಕೆ ಮುಚ್ಚಲಿಲ್ಲ. ಖಾಲಿ ಬಿಟ್ಟು ದಿನಾ ಸುತ್ತ ಗುಡಿಸಿ ನೀರು ಚಿಮುಕಿಸುತ್ತಿದ್ದಳು. ಎಂಬತ್ತನಾಲ್ಕರಲ್ಲಿ ಆಕೆಯ ಹೊಲದಲ್ಲಿ ಬಿಳಿಜೋಳ ಚೆನ್ನಾಗಿ ಬಂತು. ಒಂದು ವಾರ ಹಗೇವಿನ ಬಾಯಿ ತೆರೆದಿಟ್ಟು, ತಾನೇ ಒಳಗಿಳಿದು ಸೊಪ್ಪೆ ಕಟ್ಟಿದಳು. ಆರು ಚೀಲ ಜೋಳ ಸುರಿಸಿದಳು. ಅದು ಅರ್ಧಕ್ಕೆ ಬಂತು, ಮೇಲೆ ಸೊಪ್ಪೆ ತುಂಬಿದಳು.

ಎದುರುಮನೆಯ ಹನುಮಂತಜ್ಜಿ ಬಾಯಿ ಬಿಟ್ಟೇ ಕೇಳಿತು: "ಗಂಡನ್ನ ನುಂಗಿದ ಗುಂಡಿಗೆ ಮತ್ತೆ ಕಾಳು ಹಾಕ್ತೀಯೇನೇ?"

"ಗುಂಡಿ ಏನು ಮಾಡೈತಜ್ಜಿ? ಗಾಳಿಗೆ ಆರೈತೆ ಅಂದೋಳು ನಾನು," ಅಂದಳು ಶಿವಗಂಗಮ್ಮ.

ಆಕೆ ಒಬ್ಬಳೇ ಇದ್ದರೂ ಮನೆಯಲ್ಲಿ ಇಲ್ಲ ಎನ್ನುವ ವಸ್ತು ಇರಲಿಲ್ಲ. ಬಿತ್ತನೆ ಜೋಳ ಬೂದಿ, ಬೇವಿನ ಸೊಪ್ಪಿನ ಜೊತೆ ಮಣ್ಣಿನ ದೊಡ್ಡ ಗುಡಾಣದಲ್ಲಿ ಬೇರೆಯೇ ಇರುತ್ತಿತ್ತು. ಹುರುಳಿ, ಹುಣಸೆಹಣ್ಣು, ಕಲ್ಲುಪ್ಪು, ಒಣಗಿಸಿದ ಬದನೆಕಾಯಿ ಹೋಳು, ಮಳೆಗೆ ನೆನೆಯದಂತೆ ಡಬ್ಬಿಯಲ್ಲಿಟ್ಟ ಬೆಂಕಿಪೊಟ್ಟಣ, ಎರಡು ವರ್ಷಕ್ಕಾಗುವಷ್ಟು ಸಗಣಿ ಕುಳ್ಳು. ಸೀಮೆಎಣ್ಣೆ ಸಿಗದ ತಿಂಗಳು ಬೀದಿಯಲ್ಲಿ ದೀಪ ಇರುತ್ತಿದ್ದದ್ದು ಆಕೆಯ ಮನೆಯಲ್ಲೇ. ಬೇವಿನ ಬೀಜ ಆಯ್ದು ಗಾಣಕ್ಕೆ ಹಾಕಿಸಿ ಎಣ್ಣೆ ಮಾಡಿಸಿಟ್ಟಿರುತ್ತಿದ್ದಳು. ಕೇಳಿದರೆ ಕೊಡುತ್ತಿದ್ದಳು. ತಾನು ಮಾತ್ರ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ.

ಎಂಬತ್ತೈದರಲ್ಲಿ ಮಳೆ ಬರಲಿಲ್ಲ. ಮುಂಗಾರಿಗೆ ಬಿತ್ತಿದ್ದು ಗೇಣುದ್ದ ಬಂದು ಒಣಗಿತು, ಹಿಂಗಾರಿಗೆ ಬಿತ್ತುವ ಹಾಗೇ ಇರಲಿಲ್ಲ. ದೀಪಾವಳಿ ಕಳೆದ ಮೇಲೆ ನಮ್ಮ ಬೀದಿಯಲ್ಲಿ ಕೈಕಾಲು ಗಟ್ಟಿ ಇದ್ದವರೆಲ್ಲ ಹೊನ್ನಾಳಿ, ಚನ್ನಗಿರಿ ಕಡೆಯ ನೀರಾವರಿ ಸೀಮೆಗೆ ಭತ್ತದ ಕೊಯ್ಲಿಗೆ ಹೋದರು. ನಮ್ಮ ಮನೆಯವರೂ ಮಕ್ಕಳನ್ನು ಕರೆದುಕೊಂಡು ಹೊರಟರು. ಅತ್ತೆ ಹಾಸಿಗೆ ಹಿಡಿದಿದ್ದರಿಂದ ನಾನು ಉಳಿದೆ. ಹನುಮಂತಜ್ಜಿ ಉಳಿಯಿತು. ಶಿವಗಂಗಮ್ಮ ಉಳಿದಳು. ಉಳಿದ ಮನೆಗಳಿಗೆಲ್ಲ ಬೀಗ, ಇಲ್ಲವೇ ಕಣ್ಣು ಕಾಣದ ಮುದುಕರು. ಬೆಳಗ್ಗೆ ನೀರಿಗೆ ಹೋದರೆ ನನ್ನ ಕೊಡದ ಸದ್ದು ನನಗೇ ದೊಡ್ಡದಾಗಿ ಕೇಳುತ್ತಿತ್ತು.

ಎಲ್ಲರೂ ಆಕೆ ಈಗ ಹಗೇವು ತೆರೆಯುತ್ತಾಳೆ ಅಂದುಕೊಂಡೆವು. ಆಕೆ ತೆರೆಯಲಿಲ್ಲ. ಹುರುಳಿ ಬೇಯಿಸಿ ತಿಂದಳು, ನವಣೆ ಗಂಜಿ ಕುಡಿದಳು.

"ಏನೇ ಶಿವಗಂಗಿ, ನಿಧಿ ಕಾದಂಗೆ ಕಾಯ್ತಿ. ಮುಂದಿನ ಜನ್ಮಕ್ಕೆ ಹಾವಾಗಿ ಹುಟ್ತಿ ನೋಡು," ಅಂತು ಹನುಮಂತಜ್ಜಿ.

"ಹಾವಾದ್ರೆ ಮೊದ್ಲು ನಿನ್ನ ಮನೀಗೇ ಬರ್ತೀನಿ. ಇಲಿ ಅಲ್ಲೇ ಜಾಸ್ತಿ."

ಅಜ್ಜಿ ಬೊಚ್ಚುಬಾಯಿ ತೆಗೆದು ನಕ್ಕಿತು. ಶಿವಗಂಗಮ್ಮ ನಗಲಿಲ್ಲ. ನನಗೆ ಆಕೆಯ ಕಷ್ಟ ಗೊತ್ತಿತ್ತು. ಕಾಳು ತುಂಬಿ ಮುಚ್ಚಿದ್ದ ಹಗೇವಿಗೆ ಒಬ್ಬರು ಇಳಿಯಬೇಕು, ಒಬ್ಬರು ಮೇಲೆ ಹಗ್ಗ ಹಿಡಿಯಬೇಕು. ಇನ್ನೊಬ್ಬ ಗಂಡಸನ್ನು ಅದರೊಳಕ್ಕೆ ಇಳಿಸಲು ಆಕೆಗೆ ಮನಸ್ಸಿಲ್ಲ. ತಾನೇ ಇಳಿಯೋಣವೆಂದರೆ ಹಗ್ಗ ಹಿಡಿ ಎಂದು ಒಬ್ಬರನ್ನು ಕೇಳಬೇಕು. ಕೇಳುವುದನ್ನೇ ಆಕೆ ಎಂಟು ವರ್ಷದಿಂದ ಬಿಟ್ಟಿದ್ದಳಲ್ಲ.

ಸಂಕ್ರಾಂತಿ ಕಳೆದು ನಾಲ್ಕು ದಿನಕ್ಕೆ ಗೋಡೆಯ ಆಚೆ ಒಲೆ ಊದುವ ಸದ್ದು ನಿಂತಿತು. ಮರುದಿನವೂ ಇಲ್ಲ. ನಾನು ಒಂದು ರೊಟ್ಟಿ, ಹುಣಸೆ ಚಟ್ನಿ ತೆಗೆದುಕೊಂಡು ಹೋದೆ. ಆಕೆ ಗುಡಾಣಕ್ಕೆ ಒರಗಿ ಕೂತಿದ್ದಳು. ಹುರುಳಿ, ನವಣೆಯ ಗಡಿಗೆಗಳು ಖಾಲಿಯಾಗಿ ಬೋರಲು ಬಿದ್ದಿದ್ದವು.

"ಗುಡಾಣದಾಗೆ ಜೋಳ ಐತಲ್ಲೇ, ಒಂದು ಸೇರು ಬೀಸ್ಕೋಬಾರದಾ?" ಅಂದೆ.

"ಅದು ಬಿತ್ತಾಕೆ ಇಟ್ಟಿದ್ದು."

"ರೊಟ್ಟಿನಾರ ತಿನ್ನು."

"ನಿಮ್ಮತ್ತೆ ಬಾಯಾಗಿಂದು ಕಿತ್ಕೊಂಡು ತಿನ್ಲಾ? ತಗಂಡೋಗು ಸಾವಂತ್ರಕ್ಕ."

ವಾಪಸ್ಸು ತಂದೆ. ಮೂರನೇ ದಿನ ಹೊತ್ತು ಹುಟ್ಟುವಾಗ ಆಕೆ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಗೋಡೆ ಹಿಡಿದುಕೊಂಡಿದ್ದಳು. ಹೊಸಿಲು ದಾಟಿ ಒಂದು ಹೆಜ್ಜೆ ಒಳಗೆ ಬಂದು ಹೇಳಿದಳು: "ಹಗ್ಗ ಹಿಡೀತೀಯಾ?"

"ಹೂಂ" ಅಂದೆ.

ಆವತ್ತೇ, ಮೊದಲನೇ ದಿನ, ಹಾರೆಯಿಂದ ಮಣ್ಣು ಕೆದರಿ, ಅದನ್ನೇ ಮೀಟುಕೋಲು ಮಾಡಿ ಚಪ್ಪಡಿ ಸರಿಸಿದೆವು. ಕೊಕ್ಕೆಯಿಂದ ಸೊಪ್ಪೆ ಎಳೆದು ಹಾಕಿದೆವು. ಬೇವಿನ ಟೊಂಗೆಗೆ ಹಗ್ಗ ಕಟ್ಟಿ ಇಳಿಬಿಟ್ಟು, ಒಳಗಿನ ಗಾಳಿ ಕದಡುವ ಹಾಗೆ ಮೇಲೆ ಕೆಳಗೆ ಆಡಿಸಿದೆವು. ಆಕೆ ದೀಪ ತಂದಳು. ಹಣತೆಯಲ್ಲ, ಗಾಜಿನ ಲಾಟೀನು.

"ಈ ಸಲ ಗಾಳಿ ಅನ್ನಾಕೆ ಬರಬಾರದು," ಅಂದಳು.

ಲಾಟೀನು ಒಂದು ಮೊಳ ಇಳಿಯಿತೋ ಇಲ್ಲವೋ, ಆರಿತು. ಕಾಳು ಮೂರು ಮೊಳ ಕೆಳಗೆ ಕಾಣುತ್ತಿತ್ತು. ಎರಡು ದಿನದಿಂದ ಉಂಡಿರದ ಹೆಂಗಸು ಅದನ್ನು ನೋಡುತ್ತಾ ಕೂತಳು. ನನಗೆ ತಡೆಯಲಾಗಲಿಲ್ಲ. ಚೊಂಬಿಗೆ ಹಗ್ಗ ಕಟ್ಟಿ ಇಳಿಬಿಟ್ಟೆ. ಅದು ಕಾಳಿನ ಮೇಲೆ ಮಗ್ಗುಲಾಗಿ ಮಲಗಿತು. ಎಷ್ಟು ಎಳೆದಾಡಿದರೂ ಬಂದದ್ದು ಎಂಟು ಕಾಳು. ಆಕೆ ಎಂಟನ್ನೂ ಅಂಗೈಯಲ್ಲಿಟ್ಟುಕೊಂಡು ಮೂಸಿದಳು, ಒಂದನ್ನು ಕಡಿದಳು.

"ಮುಗ್ಗಲು ಹಿಡಿದಿಲ್ಲ," ಅಂದಳು. "ಈಗ ಕೊಡು ನಿನ್ನ ರೊಟ್ಟಿ. ನಾಡಿದ್ದು ಜೋಳ ಅಳೆದು ಕೊಡ್ತೀನಿ."

ನಮ್ಮ ಒಲೆಯ ಮುಂದೆ ಕೂತು ಒಂದೂವರೆ ರೊಟ್ಟಿ ತಿಂದಳು. ಇನ್ನರ್ಧ ಮಡಚಿ ಸೆರಗಿಗೆ ಕಟ್ಟಿಕೊಂಡಳು.

ಎರಡನೇ ದಿನ ನಾನೇ ಲಾಟೀನು ಇಳಿಸಿದೆ. ಎರಡು ಮೊಳದವರೆಗೆ ಉರಿಯಿತು. ಆಮೇಲೆ ಬತ್ತಿ ಸಣ್ಣಗಾಗುತ್ತಾ ಆಗುತ್ತಾ ಆರಿಹೋಯಿತು. ಆವತ್ತು ಅತ್ತೆ ಒಳಗಿನಿಂದ ಒಂದೇ ಸಮನೆ ಕೂಗುತ್ತಿದ್ದರು, ನೀರು ತರುವುದು ಬಾಕಿ ಇತ್ತು.

"ಸೀಮೆಎಣ್ಣೆ ಕಮ್ಮಿ ಆಗೈತೇನೋ," ಅಂದೆ.

ಶಿವಗಂಗಮ್ಮ ನನ್ನ ಕೈಯಿಂದ ಲಾಟೀನು ತೆಗೆದುಕೊಂಡು ಅಲ್ಲಾಡಿಸಿದಳು. ಒಳಗೆ ಎಣ್ಣೆ ಗುಳುಗುಳು ಅಂದಿತು. ತುಂಬ ಇತ್ತು. ಆಕೆ ನನ್ನ ಮುಖ ನೋಡಿದಳು. ನನ್ನ ಬಾಯಲ್ಲಿ ಎಂಥ ಮಾತು ಬಂತೆಂದು ಆಗ ನನಗೆ ತಿಳಿಯಿತು. ತಲೆ ತಗ್ಗಿಸಿದೆ.

ಆಕೆ ಬೈಯಲಿಲ್ಲ. ತೆರೆದ ಬಾಯಿಯ ಪಕ್ಕ ಮಣ್ಣಿನಲ್ಲಿ ಕೂತಳು. "ನಿನಗೂ ಬಂತಲ್ಲಕ್ಕ," ಅಂದಳು. "ಹಂಗೇ ಬರ್ತೈತೆ ಬಾಯಿಗೆ. ನನಗೂ ಹಂಗೇ ಬಂದಿದ್ದು."

ಸೆರಗು ಮುಖಕ್ಕೆ ಒತ್ತಿ ಅತ್ತಳು. ಜಂಪಣ್ಣ ಸತ್ತ ದಿನ ಆಕೆ ಅತ್ತಿರಲಿಲ್ಲ, ಕಲ್ಲಿನ ಹಾಗೆ ಕೂತಿದ್ದಳು. ಆವತ್ತು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ನಾನೂ "ನಿಲ್ಲಿ" ಅಂದಿರಲಿಲ್ಲ. ಗಾಳಿಗೇ ಆರಿತು ಎಂದು ನಾನೂ ತಿಳಿದಿದ್ದೆ. ಅದನ್ನು ಆಕೆಗೆ ಹೇಳಿದೆ. ಆಕೆ ತಲೆ ಆಡಿಸಿದಳು. ನಾನು ಅತ್ತೆಗೆ ನೀರು ಕೊಡಲು ಎದ್ದುಹೋದೆ.

ಮೂರನೇ ದಿನ ಲಾಟೀನು ಕಾಳಿನ ಮೇಲೆ ಕೂತು ಉರಿಯಿತು. ಆಕೆ ಎಲೆಅಡಿಕೆ ಹಾಕಿಕೊಂಡು ಪೂರ್ತಿ ಅಗಿದು ಉಗುಳುವವರೆಗೂ ಅದನ್ನು ಮೇಲೆತ್ತಲಿಲ್ಲ. ಆಮೇಲೆ ಕಚ್ಚೆ ಕಟ್ಟಿ, ಬಾವಿ ಹಗ್ಗವನ್ನು ಕಂಕುಳ ಕೆಳಗೆ ಎರಡು ಸುತ್ತು ಬಿಗಿದಳು. ಇನ್ನೊಂದು ತುದಿಯನ್ನು ಪಡಸಾಲೆಯ ಕಂಬಕ್ಕೆ ಒಂದು ಸುತ್ತು ಹಾಕಿ ನನ್ನ ಕೈಗೆ ಕೊಟ್ಟಳು. ಹನುಮಂತಜ್ಜಿಯೂ ಬಂದು ನನ್ನ ಹಿಂದೆ ಹಗ್ಗ ಹಿಡಿದು ಕೂತಿತು.

"ನಾನು ಮಾತಾಡ್ತಾನೇ ಇರ್ತೀನಿ," ಅಂದಳು ಶಿವಗಂಗಮ್ಮ. "ಮಾತು ನಿಂತರೆ ಎಳೀರಿ. ಏನೈತೆ ಅಂತ ಬಗ್ಗಿ ನೋಡಾಕೆ ಹೋಗಬ್ಯಾಡ್ರಿ."

ಇಳಿದಳು. ಮೊದಲು ಕಾಳು ತುಂಬಿದ ಪುಟ್ಟಿ ಎಣಿಸಿದಳು: "ಒಂದು. ಎರಡು. ಎಳಿ." ಹನುಮಂತಜ್ಜಿ ಬೇರೆ ಹಗ್ಗದಿಂದ ಪುಟ್ಟಿ ಎಳೆಯಿತು. ಆರನೇ ಪುಟ್ಟಿಯ ಮೇಲೆ ಎಣಿಕೆ ಬಿಟ್ಟು ಬೇರೆ ಮಾತು ಶುರುವಾಯಿತು. ಕಿಟಕಿಯ ಬಾಗಿಲು ರಿಪೇರಿ ಆಗಿಲ್ಲ ಅಂದಳು. ಎಮ್ಮೆ ಮಾರಿದೆ ಅಂದಳು. ನಿಮ್ಮ ತಂಗಿ ಮಗಳಿಗೆ ಮೂರು ಮಕ್ಕಳು, ಕೊನೆಯದಕ್ಕೆ ನಿಮ್ಮದೇ ಮೂಗು ಅಂದಳು. ಆಕೆ ಯಾರ ಜೊತೆ ಮಾತಾಡುತ್ತಿದ್ದಾಳೆ ಎಂದು ನಾವಿಬ್ಬರೂ ಕೇಳಲಿಲ್ಲ. ಗೋಡೆಯ ಈಚೆಯಿಂದ ಎಂಟು ವರ್ಷದಲ್ಲಿ ನಾನು ಕೇಳದಷ್ಟು ಮಾತು ಆ ಗುಂಡಿಯಿಂದ ಬಂತು.

ಇದ್ದಕ್ಕಿದ್ದ ಹಾಗೆ ಮಾತು ನಿಂತಿತು.

"ಎಳಿಯೇ!" ಎಂದು ಹನುಮಂತಜ್ಜಿ ಕಿರುಚಿತು. ಇಬ್ಬರೂ ಇದ್ದಬದ್ದ ಶಕ್ತಿ ಹಾಕಿ ಎಳೆದೆವು.

"ಅಯ್ಯಯ್ಯೋ, ಬಿಡ್ರೇ! ಕಂಕುಳು ಕಿತ್ತುಬಂತು! ಮೂಗು ಒರೆಸ್ಕೊಂತಿದ್ದೆ!" ಎಂದು ಒಳಗಿನಿಂದ ಕೂಗು ಬಂತು.

ಹನುಮಂತಜ್ಜಿ ನೆಲದ ಮೇಲೆ ಹಿಂದಕ್ಕೆ ಬಿದ್ದು ನಗುತ್ತಿತ್ತು. ನನಗೆ ನಗು ಬರಲಿಲ್ಲ, ಅಂಗೈ ಸುಲಿದಿತ್ತು. ಹೊತ್ತು ಇಳಿಯುವ ಹೊತ್ತಿಗೆ ಆಕೆ ಸೊಪ್ಪೆಯ ಧೂಳಿನಲ್ಲಿ ಮುಳುಗಿ ಮೇಲೆ ಬಂದಳು. ಮೊದಲು ನನ್ನ ರೊಟ್ಟಿಯ ಜೋಳ ಅಳೆದು ಕೊಟ್ಟಳು.

ಉಳಿದದ್ದನ್ನು ದಿನಕ್ಕಿಷ್ಟು ಎಂದು ತೆಗೆದು, ಬೀದಿಯಲ್ಲಿ ಉಳಿದಿದ್ದ ಮುದುಕರಿಗೆಲ್ಲ ಹಂಚಿದೆವು. ಒಂದು ಹೊಟ್ಟೆಗೆ ಮುಗಿಯುವ ಕಾಳಲ್ಲ ಅದು. ಯುಗಾದಿಗೆ ನಮ್ಮವರು ವಾಪಸ್ಸು ಬಂದಾಗ ನಾವೆಲ್ಲ ಬದುಕಿದ್ದೆವು, ನಮ್ಮತ್ತೆಯೂ ಸೇರಿ. ಮಳೆ ಬಿದ್ದಾಗ ಆಕೆ ಗುಡಾಣದ ಬೀಜ ಬಿತ್ತಿದಳು. ಆದರೆ ಜನ ಬಂದು ಬೀದಿ ತುಂಬಿದ ಮೇಲೆ ಆಕೆ ಮತ್ತೆ ಮೊದಲಿನಂತೆಯೇ ಆದಳು. ನಮ್ಮ ಹೊಸಿಲಿಗೆ ಬರಲಿಲ್ಲ. ಒಲೆ ಊದುವ ಸದ್ದು ಮಾತ್ರ ಬರುತ್ತಿತ್ತು. ಅದು ಕೇಳಿದ ಮೇಲೆಯೇ ನಾನು ನನ್ನ ಒಲೆ ಹಚ್ಚುತ್ತಿದ್ದೆ.

ಎಂಬತ್ತೇಳರಲ್ಲಿ ಆಕೆ ಹಗೇವನ್ನು ಮತ್ತೆ ತುಂಬಿದಳು. ತೆರೆಯುವ ಮುಂಚೆ, ಎಂಬತ್ತೊಂಬತ್ತರಲ್ಲಿ ಜ್ವರ ಬಂದು ತೀರಿಕೊಂಡಳು. ಆ ಹೊತ್ತಿಗೆ ನಮ್ಮ ಮನೆಯವರೂ ತೀರಿಕೊಂಡಿದ್ದರು. ಜಂಪಣ್ಣನ ಅಣ್ಣನ ಮಗ ಜಯದೇವಪ್ಪ ಜೋಳ ತೆಗೆಯಲು ಜಗಳೂರಿನಿಂದ ಟಾರ್ಚು ಹಿಡಿದುಕೊಂಡು ಬಂದ.

"ಟಾರ್ಚು ಐತಲ್ಲ ದೊಡ್ಡಮ್ಮ, ಒಳಗೆಲ್ಲ ಚಂದ ಕಾಣ್ತೈತೆ," ಅಂದ.

"ಅದು ಆರಲ್ಲ ಕಣಪ್ಪ, ಅದಕ್ಕೇ ಬ್ಯಾಡ," ಎಂದು ನಾನು ಆಕೆಯ ಲಾಟೀನು ತಂದು ಹಚ್ಚಿ ಇಳಿಬಿಟ್ಟೆ. ಆರಿತು. ಅವನು ಬಸ್ಸಿಗೆ ಹೊತ್ತಾಯಿತು ಎಂದು ಗೊಣಗಿದ. ನಾನು ಹಗೇವಿನ ಬಾಯಿಯ ಪಕ್ಕದಲ್ಲೇ ಕೂತೆ, ಏಳಲಿಲ್ಲ. ಎರಡು ದಿನ ಕಾಯಿಸಿದೆ. ಮೂರನೇ ದಿನ ಇಳಿಯುವಾಗ, ಮಾತಾಡುತ್ತಾ ಇರು ಅಂದೆ.

"ಏನು ಮಾತಾಡ್ಲಿ?"

"ಏನಾರ ಮಾತಾಡು."

ಅವನು ಇಳಿದ. ಒಂದು, ಎರಡು ಎಂದು ಪುಟ್ಟಿ ಎಣಿಸುತ್ತಾ ಹೋದ. ನಾನು ಕಂಬಕ್ಕೆ ಬೆನ್ನು ಕೊಟ್ಟು, ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದು ಎಣಿಕೆಗೂ "ಹೂಂ" ಅನ್ನುತ್ತಾ ಕೂತಿದ್ದೆ.